ಕಡಲಾಚೆಯ ಕಾರೂ ಕಟ್ಟೆಯ ಸುಂಕವೂ

ಪದಾರ್ಥಗಳ ಬೆಲೆಯು ಎರಡು ಬಗೆಯಾಗಿರುತ್ತದೆ. ಮಾರುವವನು ಹೇಳುವ ಬೆಲೆ ಒಂದು. ಪದಾರ್ಥವು ನಮ್ಮ ಅಂಗಳಕ್ಕೆ ಬಂದು ನಿಲ್ಲುವ ವೇಳೆಗೆ ಆಗಿರುವ ಬೆಲೆ ಇನ್ನೊಂದು. ಸಂತೆಯಲ್ಲಿ ಕೊಂಡ ಕುಂಬಳಕಾಯಿಯ ವಿಷಯದಲ್ಲಿ ಇವೆರಡಕ್ಕೂ ಹೆಚ್ಚಿನ ಅಂತರವಿಲ್ಲ. ಸಮುದ್ರವನ್ನು ದಾಟಿ ಬರತಕ್ಕ ಪದಾರ್ಥಕ್ಕಾದರೋ ಮೊದಲನೆಯ ಬೆಲೆಯು ಪೀಠಿಕೆ ಮಾತ್ರ, ಗ್ರಂಥವೆಲ್ಲ ಎರಡನೆಯದರಲ್ಲಿರುತ್ತದೆ.

ಈ ತಿಂಗಳು ಈ ವಿಷಯವನ್ನೆತ್ತಿಕೊಳ್ಳಲು ಕಾರಣವುಂಟು. ಮಿಡಿಗೇಶಿ ಹೋಬಳಿಯ ಗೃಹಸ್ಥರೊಬ್ಬರ ಮಗನು ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಎರಡು ವರ್ಷ ಓಡಿದ ಸ್ಪೋರ್ಟ್ಸ್ ಕಾರೊಂದು ಅಲ್ಲಿ ಅಗ್ಗವಾಗಿ ದೊರೆಯುತ್ತದೆಂದೂ, ಅದನ್ನು ಕೊಂಡು ಹಡಗಿನಲ್ಲಿ ಊರಿಗೆ ಕಳುಹಿಸುವೆನೆಂದೂ, ಸುಂಕಕ್ಕೆ ಹತ್ತು ಹದಿನೈದು ಲಕ್ಷ ರೂಪಾಯಿ ಬೇಕಾದೀತಾದ್ದರಿಂದ ತೋಟದ ಮೇಲೆ ಸಾಲವೆತ್ತಿ ಒದಗಿಸಬೇಕೆಂದೂ ತಂದೆಗೆ ತಿಳಿಸಿದ್ದಾನೆ. "ಮೇಷ್ಟ್ರೇ, ಇದು ಆಗಹೋಗುವ ಮಾತೇ?" ಎಂದು ಅವರು ನನ್ನನ್ನು ಕೇಳಿದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆ ಮಕ್ಕಳು ಪರದೇಶದಲ್ಲಿರುವ ಮನೆಗಳು ಈಗ ಅಪರೂಪವಲ್ಲ. ಆದ್ದರಿಂದ ಒಬ್ಬರಿಗೆ ಹೇಳತಕ್ಕ ಉತ್ತರವನ್ನು ಎಲ್ಲರಿಗೂ ಆಗುವಂತೆ ಇಲ್ಲಿ ಬರೆಯುತ್ತೇನೆ.

ಸ್ಪೋರ್ಟ್ಸ್ ಕಾರೆಂದರೆ ನೆಲಕ್ಕೆ ತಗ್ಗಿದ, ಸಾಮಾನ್ಯವಾಗಿ ಇಬ್ಬರೇ ಕೂರತಕ್ಕ, ಎಂಜಿನ್ನಿನ ಬಲವನ್ನು ವೇಗಕ್ಕೂ ಬೆಡಗಿಗೂ ಮೀಸಲಾಗಿಟ್ಟ ಮೋಟಾರು. ಆ ದೇಶಗಳಲ್ಲಿ ಹೊಸ ಕಾರಿನ ಬೆಲೆಯು ಮೊದಲ ಎರಡು ಮೂರು ವರ್ಷಗಳಲ್ಲಿಯೇ ಬಹಳವಾಗಿ ಇಳಿಯುತ್ತದೆ. ಬ್ರಹ್ಮಚಾರಿಯಾಗಿದ್ದಾಗ ಕೊಂಡವನು ಮದುವೆಯಾಗಿ ಮಗುವಾಯಿತೆಂದರೆ ಎರಡು ಆಸನದ ಬಂಡಿಯನ್ನು ಇಟ್ಟುಕೊಳ್ಳಲಾರದೆ ಮಾರುವುದೂ ಉಂಟು. ಆದುದರಿಂದ ಮಾಲು ಅಗ್ಗವೆಂಬ ಹುಡುಗನ ಮಾತು ಸುಳ್ಳಲ್ಲ. ಆದರೆ ಅಲ್ಲಿ ಅಗ್ಗವಾದುದು ಇಲ್ಲಿಗೆ ಬರಬಹುದೇ, ಬಂದರೆ ಎಷ್ಟಕ್ಕೆ ಬರುತ್ತದೆ, ಬಂದಮೇಲೆ ಇಲ್ಲಿ ನಡೆಯುತ್ತದೆಯೇ ಎಂಬ ಮೂರನ್ನೂ ವಿಚಾರಿಸಬೇಕಾಗಿದೆ.

ಮೊದಲನೆಯದಾಗಿ, ಬರಬಹುದೇ ಎಂಬುದು. ಭಾರತ ಸರ್ಕಾರದ ಆಮದು ನಿಯಮಗಳ ಪ್ರಕಾರ ಬಳಸಿದ ಕಾರು ತಯಾರಾದ ದಿನದಿಂದ ಮೂರು ವರ್ಷಕ್ಕೆ ಮೀರಿರಕೂಡದು. ಇಲ್ಲಿ ಎಣಿಕೆಯು ತಯಾರಾದ ದಿನದಿಂದಲೇ ಹೊರತು ಮೊದಲ ಒಡೆಯನು ನೋಂದಾಯಿಸಿದ ದಿನದಿಂದಲ್ಲ. ಅಂಗಡಿಯಲ್ಲಿ ಎಂಟು ತಿಂಗಳು ನಿಂತಿದ್ದ ಕಾರಿಗೆ ಆ ಎಂಟು ತಿಂಗಳೂ ವಯಸ್ಸೇ. ಚುಕ್ಕಾಣಿಯು ಬಲಗಡೆ ಇರಬೇಕು. ದೀಪಗಳು ಎಡಮಗ್ಗುಲಲ್ಲಿ ಸಾಗುವ ರಸ್ತೆಗೆ ಹೊಂದುವಂತಿರಬೇಕು. ವೇಗವನ್ನು ತೋರಿಸುವ ಯಂತ್ರವು ಕಿಲೋಮೀಟರುಗಳಲ್ಲಿ ತೋರಿಸಬೇಕು. ಇಂಗ್ಲೆಂಡಿನ ಕಾರುಗಳಲ್ಲಿ ಮೈಲಿಯ ಲೆಕ್ಕವಿರುವುದರಿಂದ ಇದನ್ನು ಮುಂಚೆಯೇ ನೋಡಿಕೊಳ್ಳಬೇಕು. ಇನ್ನು ಐದು ವರ್ಷ ರಸ್ತೆಯಲ್ಲಿ ಓಡಲು ಯೋಗ್ಯವಾಗಿದ್ದು, ಆ ಅವಧಿಯಲ್ಲಿ ಅದನ್ನು ದುರಸ್ತು ಮಾಡುವ ಏರ್ಪಾಡು ಈ ದೇಶದಲ್ಲಿದೆಯೆಂಬ ಭರವಸೆಯನ್ನೂ ಒದಗಿಸಬೇಕು. ಬಂದಿಳಿಯಲು ಒಂದೇ ಬಾಗಿಲು: ಮುಂಬಯಿ ಬಂದರು. ಹಡಗು ಹತ್ತುವ ಮೊದಲು ಒಂದು ಪರೀಕ್ಷೆ. ಬಂದಿಳಿದ ಮೇಲೆ ಪುಣೆ, ಅಹಿಲ್ಯಾನಗರ, ಬುದ್ನಿಗಳಲ್ಲಿರುವ ಪರೀಕ್ಷಾಲಯಗಳ ಪೈಕಿ ಒಂದರಲ್ಲಿ ಮತ್ತೊಂದು ಪರೀಕ್ಷೆ.

ಚುಕ್ಕಾಣಿಯ ನಿಯಮವೊಂದರಿಂದಲೇ ಅರ್ಧ ಜಗತ್ತಿನ ಕಾರುಗಳು ಹೊರಗುಳಿಯುತ್ತವೆ. ಅಮೆರಿಕ, ಜರ್ಮನಿ, ದುಬೈಗಳಲ್ಲಿ ರಸ್ತೆಯ ಬಲಮಗ್ಗುಲಲ್ಲಿ ಸಾಗುವ ರೂಢಿ. ಅಲ್ಲಿನ ಕಾರುಗಳ ಚುಕ್ಕಾಣಿ ಎಡಕ್ಕಿರುತ್ತದೆ. ಆದುದರಿಂದ ಅಲ್ಲಿರುವ ನಮ್ಮವರು ಈ ಆಸೆಯನ್ನು ಆರಂಭದಲ್ಲಿಯೇ ಬಿಡುವುದು ಲೇಸು. ಇಂಗ್ಲೆಂಡು, ಜಪಾನು, ಆಸ್ಟ್ರೇಲಿಯ, ಸಿಂಗಪುರಗಳಲ್ಲಿರುವವರು ಮಾತ್ರ ಮುಂದಿನ ಲೆಕ್ಕಕ್ಕೆ ಬರಬಹುದು. ಅಮೆರಿಕದ ಸ್ನೇಹಿತರ ಬುದ್ಧಿವಾದವೂ ಇಲ್ಲಿ ಸಲ್ಲದು. ಅಲ್ಲಿನ ಕಾಯಿದೆಯು 25 ವರ್ಷ ತುಂಬಿದ ಕಾರಿಗೆ ಸುರಕ್ಷತೆಯ ಕಟ್ಟಳೆಗಳಿಂದ ಬಿಡುಗಡೆ ಕೊಡುವುದರಿಂದ ಜಪಾನಿನ ಹಳೆಯ ಓಟದ ಕಾರುಗಳು ಅಲ್ಲಿಗೆ ರಾಶಿರಾಶಿಯಾಗಿ ಹೋಗುತ್ತವೆ. ಅಲ್ಲಿ ಮುದುಕನಿಗೆ ಪ್ರವೇಶ, ಇಲ್ಲಿ ಎಳೆಯನಿಗೆ ಪ್ರವೇಶ; ಒಂದು ದೇಶದ ವಿಧಿಯು ಇನ್ನೊಂದು ದೇಶದಲ್ಲಿ ನಿಷೇಧವಾಗಬಹುದೆಂಬುದಕ್ಕೆ ಇದೇ ಉದಾಹರಣೆ.

ಈ ಮೂರು ವರ್ಷದ ಮಿತಿಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ತೊಡಕೊಂದಿದೆ. ಇಂಗ್ಲೆಂಡಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷವೂ ಎಂ.ಓ.ಟಿ. ಎಂಬ ಪರೀಕ್ಷೆಯಾಗಬೇಕು, ಆಗ ಓಡಿದ ದೂರವೂ ಕಂಡ ದೋಷಗಳೂ ದಾಖಲಾಗಿ, ಯಾರು ಬೇಕಾದರೂ ನೋಡಬಹುದಾದಂತೆ ಇರುತ್ತವೆ. ಜಪಾನಿನಲ್ಲಿಯೂ ಹೊಸ ಕಾರಿಗೆ ಷಾಕೆನ್ ಎಂಬ ಪರೀಕ್ಷೆಯು ಮೊದಲ ಬಾರಿಗೆ ಎದುರಾಗುವುದು ಮೂರು ವರ್ಷಕ್ಕೇ. ಭಾರತಕ್ಕೆ ಬರಬಹುದಾದ ಕಾರಾದರೋ ಮೂರು ವರ್ಷದೊಳಗಿನದು. ಎಂದರೆ ನಾವು ತರಬಹುದಾದ ಕಾರಿಗೆ ಆ ಸರ್ಕಾರಗಳ ಪರೀಕ್ಷೆಯ ದಾಖಲೆಯೇ ಹುಟ್ಟಿರುವುದಿಲ್ಲ! ಕೊಳ್ಳುವವನು ಸರ್ಕಾರದ ಕಣ್ಣನ್ನು ನಂಬಲಾಗದೆ ತನ್ನ ಕಣ್ಣನ್ನೇ ನಂಬಬೇಕಾಗುತ್ತದೆ.

ಆದುದರಿಂದ ಬೇರೆ ಸಾಕ್ಷಿಗಳನ್ನು ಹುಡುಕಬೇಕು. ಕಾರಿನ ಚೌಕಟ್ಟಿನ ಮೇಲೆ ಕೊರೆದಿರುವ 17 ಅಕ್ಷರಾಂಕಗಳು ಕಾಗದದಲ್ಲಿರುವುದಕ್ಕೆ ಸರಿಹೊಂದಬೇಕು. ದುರಸ್ತಿನ ರಸೀತಿಗಳನ್ನು ಕ್ರಮವಾಗಿ ಓದಿದರೆ ಓಡಿದ ದೂರದಲ್ಲಿ ಮೋಸವಿದೆಯೇ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಇಂಗ್ಲೆಂಡಿನ ವಿಮೆಯವರು ಅಪಘಾತಕ್ಕೆ ಸಿಕ್ಕಿ ಕೈಬಿಟ್ಟ ಕಾರುಗಳನ್ನು 2017ರಿಂದ ಎ, ಬಿ, ಎಸ್, ಎನ್ ಎಂಬ ವರ್ಗಗಳಾಗಿ ಗುರುತಿಸುತ್ತಾರೆ. ಎಸ್ ಎಂದರೆ ಚೌಕಟ್ಟಿಗೇ ಪೆಟ್ಟುಬಿದ್ದು ರಿಪೇರಿಯಾಗಬಹುದಾದದ್ದು. ಜಪಾನಿನ ಹರಾಜಿನ ಪಟ್ಟಿಯಲ್ಲಿ ಆರ್ ಎಂಬ ಗುರುತು ಕಂಡರೆ ಅಪಘಾತವಾಗಿ ದುರಸ್ತಾದ ಬಂಡಿಯೆಂದು ತಿಳಿಯಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಸಾಲದ ವಿಷಯ. ಇಂಗ್ಲೆಂಡಿನಲ್ಲಿ ಕಂತಿನ ಮೇಲೆ ಕಾರು ಕೊಳ್ಳುವುದು ಹೇರಳ. ಕಂತು ತೀರುವವರೆಗೆ ಒಡೆತನವು ಹಣ ಕೊಟ್ಟ ಸಂಸ್ಥೆಯದಾಗಿರಬಹುದು. ಅಲ್ಲಿನ ನೋಂದಣಿ ಪುಸ್ತಕವು ಕಾರಿನ ಹೊಣೆಗಾರನ ಹೆಸರನ್ನು ಹೇಳುವುದೇ ಹೊರತು ಒಡೆತನಕ್ಕೆ ಪ್ರಮಾಣವಲ್ಲವೆಂದು ಆ ಪುಸ್ತಕದ ಮೇಲೆಯೇ ಮುದ್ರಿತವಾಗಿದೆ. ಈ ಋಣಶೋಧನೆಯನ್ನು ಅಲ್ಪ ಶುಲ್ಕಕ್ಕೆ ಮಾಡಿಕೊಡುವವರು ಅಲ್ಲಿದ್ದಾರೆ. ಆ ಶುಲ್ಕವನ್ನು ಉಳಿಸಲು ಹೋಗಬಾರದು.

ಇನ್ನು ಎಷ್ಟಕ್ಕೆ ಬರುತ್ತದೆ ಎಂಬುದು. ಇಲ್ಲಿಯೇ ಹುಡುಗನ ಲೆಕ್ಕವು ದಾರಿತಪ್ಪಿದೆ.

ಸುಂಕವೆಂಬುದು ನಮ್ಮವರಿಗೆ ಹೊಸತಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳಿಗೇ ಒಂದು ಪ್ರಕರಣವಿದೆ. ಪಟ್ಟಣದ ಮಹಾದ್ವಾರದ ಬಳಿ ಬಾವುಟ ಹಾರಿಸಿದ ಸುಂಕದ ಕಟ್ಟೆ. ಅಲ್ಲಿ ನಾಲ್ಕೈದು ಮಂದಿ ಕರಣಿಕರು. ವರ್ತಕನು ಯಾರು, ಎಲ್ಲಿಂದ ಬಂದನು, ಮಾಲು ಎಷ್ಟು, ಮುದ್ರೆ ಎಲ್ಲಿ ಬಿದ್ದಿತು ಎಂಬುದನ್ನೆಲ್ಲ ಅವರು ಬರೆದುಕೊಳ್ಳುತ್ತಾರೆ. ಇಂದು ಮುಂಬಯಿಯ ಬಂದರಿನಲ್ಲಿ ಆಮದಿನ ಕಾಗದದಲ್ಲಿ ಕೇಳುವ ಪ್ರಶ್ನೆಗಳು ಬೇರೆಯಲ್ಲ. ದರ ಮಾತ್ರ ಬೇರೆಯಾಗಿದೆ. ಹೊರಗಿನಿಂದ ಬರುವ ಮಾಲಿಗೆ ಕೌಟಿಲ್ಯನು ಸಾಮಾನ್ಯವಾಗಿ ಹೇಳಿದ್ದು ಬೆಲೆಯ ಐದರಲ್ಲೊಂದು ಪಾಲು. ಬಳಸಿದ ಕಾರಿಗೆ ಇಂದು ಎಷ್ಟೆಂಬುದನ್ನು ನೋಡೋಣ.

2025ರ ಆಯವ್ಯಯದಲ್ಲಿ ಗೊತ್ತಾದಂತೆ ಬಳಸಿದ ಕಾರಿನ ಮೇಲೆ ಮೂಲ ಸುಂಕವು ನೂರಕ್ಕೆ 70, ಕೃಷಿ ಮತ್ತು ಮೂಲಸೌಕರ್ಯದ ಉಪಕರವು ನೂರಕ್ಕೆ 67.5, ಒಟ್ಟು 137.5. ಇವೆರಡನ್ನೂ ಸೇರಿಸಿ ಬಂದ ಮೊತ್ತದ ಮೇಲೆ, 2025ರ ಸೆಪ್ಟೆಂಬರಿನಿಂದ ದೊಡ್ಡ ಕಾರುಗಳಿಗೆ ಗೊತ್ತಾದ ಸರಕು ಮತ್ತು ಸೇವಾ ತೆರಿಗೆ ನೂರಕ್ಕೆ 40. ಸುಂಕದ ಮೇಲೆಯೂ ತೆರಿಗೆ ಏರುವುದರಿಂದ ನೂರು ರೂಪಾಯಿನ ಮಾಲಿಗೆ ಒಟ್ಟು 232 ರೂಪಾಯಿ 50 ಪೈಸೆ ಸರ್ಕಾರಕ್ಕೆ ಸಲ್ಲುತ್ತದೆ. ಇದಲ್ಲದೆ, ನೂರು ರೂಪಾಯಿ ಎಂಬುದನ್ನು ಗೊತ್ತುಮಾಡುವುದೂ ನಮ್ಮ ರಸೀತಿಯಿಂದಲ್ಲ. ಸುಂಕದವರು ಆ ಕಾರು ಹೊಸದಾಗಿದ್ದಾಗಿನ ಬೆಲೆಯನ್ನು ಹಿಡಿದು, ಮೊದಲ ವರ್ಷಕ್ಕೆ ನೂರಕ್ಕೆ 16, ಎರಡನೆಯದಕ್ಕೆ 12, ಮೂರನೆಯದಕ್ಕೆ 10 ರಂತೆ ಸವಕಳಿಯನ್ನು ಕಳೆದು, ಸಾಗಣೆ ಮತ್ತು ವಿಮೆಯ ವೆಚ್ಚವನ್ನು ಸೇರಿಸುತ್ತಾರೆ. ನಾವು ಚೌಕಾಶಿ ಮಾಡಿ ಇಳಿಸಿದ ಬೆಲೆಯು ನಮ್ಮ ಜಾಣತನಕ್ಕೆ ಸಾಕ್ಷಿಯಾದೀತೇ ಹೊರತು ಸುಂಕಕ್ಕೆ ಆಧಾರವಾಗದು.

ಅಂಕಿಗಳಲ್ಲಿ ಹೇಳುವುದಾದರೆ ಹೀಗೆ. ಹೊಸತಾಗಿದ್ದಾಗ 50 ಲಕ್ಷ ರೂಪಾಯಿಯ ಕಾರು ಎರಡು ವರ್ಷವಾದಮೇಲೆ 30 ಲಕ್ಷಕ್ಕೆ ಸಿಕ್ಕಿತೆಂದು ಭಾವಿಸೋಣ. ಸುಂಕದ ಲೆಕ್ಕದಲ್ಲಿ ಅದರ ಬೆಲೆ 50 ಲಕ್ಷದಿಂದ ನೂರಕ್ಕೆ 28ನ್ನು ಕಳೆದು 36 ಲಕ್ಷ. ಸಾಗಣೆಗೂ ವಿಮೆಗೂ 4 ಲಕ್ಷವೆಂದಿಟ್ಟುಕೊಂಡರೆ 40 ಲಕ್ಷ. ಸುಂಕ ಮತ್ತು ಉಪಕರ 55 ಲಕ್ಷ. ಎರಡೂ ಸೇರಿ 95 ಲಕ್ಷ. ಅದರ ಮೇಲೆ ತೆರಿಗೆ 38 ಲಕ್ಷ. ಬಂದರಿನಲ್ಲಿ ಕಟ್ಟಬೇಕಾದುದು 93 ಲಕ್ಷ. ಮಾರಿದವನಿಗೆ ಕೊಟ್ಟ 30, ಹಡಗಿಗೂ ವಿಮೆಗೂ 4 ಸೇರಿ 1 ಕೋಟಿ 27 ಲಕ್ಷ. ಕರ್ನಾಟಕದಲ್ಲಿ ಓಡಿಸಬೇಕಾದರೆ ಜೀವಾವಧಿ ತೆರಿಗೆಯುಂಟು. 20 ಲಕ್ಷಕ್ಕೆ ಮೇಲ್ಪಟ್ಟ ಕಾರಿಗೆ ನೂರಕ್ಕೆ 18, ಅದೂ ಸುಂಕ ಸೇರಿದ ಬೆಲೆಯ ಮೇಲೆ. ಅದಕ್ಕೆ ಮತ್ತೆ 20 ಲಕ್ಷಕ್ಕೂ ಮೀರಿದ ಮೊಬಲಗು. ದಲ್ಲಾಳಿ, ಪರೀಕ್ಷೆ, ಬಂದರಿನ ಬಾಡಿಗೆ, ಮುಂಬಯಿಯಿಂದ ಊರಿನ ಸಾಗಣೆ ಇವುಗಳನ್ನು ಬಿಟ್ಟರೂ 30 ಲಕ್ಷದ ಕಾರು ಮಧುಗಿರಿ ಸಾರಿಗೆ ಕಚೇರಿಯ ಕೆಎ 64 ಎಂಬ ಅಂಕಿಯನ್ನು ಧರಿಸುವ ವೇಳೆಗೆ ಸುಮಾರು ಒಂದೂವರೆ ಕೋಟಿಯದಾಗುತ್ತದೆ. ಹತ್ತು ಹದಿನೈದು ಲಕ್ಷದ ಸುಂಕಕ್ಕೆಂದು ತೋಟವನ್ನು ಒತ್ತೆಯಿಟ್ಟವರು, ಕಾರು ಬಂದರಿನಲ್ಲಿ ನಿಂತು ದಿನದಿನಕ್ಕೂ ಬಾಡಿಗೆ ಏರುತ್ತಿರುವಾಗ, ಉಳಿದ 78 ಲಕ್ಷಕ್ಕೆ ಏನನ್ನು ಒತ್ತೆಯಿಡುವರು?

ಪರದೇಶದಲ್ಲಿ ಎರಡು ವರ್ಷವಿದ್ದು ಹಿಂದಿರುಗುವವರು ಕಾರನ್ನು ಸುಂಕವಿಲ್ಲದೆ ತರಬಹುದೆಂದು ಕೆಲವರು ಹೇಳುವುದುಂಟು. ಹಾಗೆ ನೆಲೆಸಲು ಬರುವವರಿಗೆ ಕೆಲವು ಷರತ್ತುಗಳಲ್ಲಿ ಸಡಿಲಿಕೆಯಿದೆ; ಸುಂಕದಲ್ಲಿ ಇಲ್ಲ. ಪ್ರಸಿದ್ಧರಿಗೂ ಇದು ಸುಲಭವಾಗಲಿಲ್ಲ. 2002ರಲ್ಲಿ ಸಚಿನ್ ತೆಂಡೂಲ್ಕರರಿಗೆ ಉಡುಗೊರೆಯಾಗಿ ಬಂದ ಫೆರಾರಿ ಕಾರಿನ ಸುಂಕವನ್ನು ಸರ್ಕಾರವು ಮನ್ನಾ ಮಾಡಹೊರಟಾಗ ದೇಶದಲ್ಲೆಲ್ಲ ಆಕ್ಷೇಪವೆದ್ದು, ವಿಷಯವು ನ್ಯಾಯಾಲಯವನ್ನು ಮುಟ್ಟಿ, ಕಡೆಗೆ ಕಾರು ಕೊಟ್ಟ ಫಿಯಟ್ ಕಂಪನಿಯೇ ಸುಂಕವನ್ನು ಹೊರಬೇಕಾಯಿತು.

ಇಷ್ಟು ಭಾರವಾದ ಸುಂಕವೇಕೆ ಎಂದು ಕೇಳಬಹುದು. ಪರರು ಬಳಸಿ ಬಿಟ್ಟ ಬಂಡಿಗಳ ರಾಶಿಗೆ ನಮ್ಮ ದೇಶವು ತಿಪ್ಪೆಯಾಗಬಾರದೆಂಬುದು ಒಂದು ಕಾರಣ. ಇಲ್ಲಿ ಕಾರು ಮಾಡುವವರ ಕೆಲಸ ಉಳಿಯಬೇಕೆಂಬುದು ಮತ್ತೊಂದು. ನಮಗೆ ನೆರೆಯಾದ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು ಅಮೆರಿಕಗಳನ್ನು ಸುತ್ತಿ, ಮೋಟಾರು ಕಾರ್ಖಾನೆಗಳನ್ನು ಕಂಡು, ಭಾರತದಲ್ಲಿಯೇ ಕಾರು ತಯಾರಾಗಬೇಕೆಂದು ಯೋಜನೆಯನ್ನು ಸಿದ್ಧಪಡಿಸಿದರು. ಬೆಂಗಳೂರಿನಲ್ಲಿ ಕಾರ್ಖಾನೆಯನ್ನು ತೆರೆಯುವ ಪ್ರಯತ್ನಕ್ಕೆ ಅಂದಿನ ಬ್ರಿಟಿಷ್ ಸರ್ಕಾರದ ಒಪ್ಪಿಗೆ ದೊರೆಯಲಿಲ್ಲ. ಆ ಯೋಜನೆಯನ್ನು ಕೈಗೊಂಡ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯ ಕಡೆ ಪ್ರೀಮಿಯರ್ ಕಂಪನಿಯನ್ನು ಸ್ಥಾಪಿಸಿದರು. ದೇಶಕ್ಕೆ ಪೀಡೆಯಾಗುವ, ಫಲವಿಲ್ಲದ ಮಾಲನ್ನು ತಡೆಯಬೇಕೆಂದೂ, ಮಹೋಪಕಾರಿಯಾದ ಮಾಲನ್ನೂ ದುರ್ಲಭವಾದ ಬಿತ್ತನೆಯ ಬೀಜವನ್ನೂ ಸುಂಕವಿಲ್ಲದೆ ಬಿಡಬೇಕೆಂದೂ ಕೌಟಿಲ್ಯನ ಮತ. ಎರಡು ಆಸನದ ಓಟದ ಕಾರು ಬೀಜದ ಸಾಲಿನಲ್ಲಿ ನಿಲ್ಲುವಂತಹುದಲ್ಲವೆಂಬುದನ್ನು ಹುಡುಗನೂ ಒಪ್ಪಿಯಾನು.

ಸುಂಕವು ಭಾರವಾದಲ್ಲಿ ಕಳ್ಳದಾರಿಯೂ ಹುಟ್ಟುತ್ತದೆ. ಗೃಹಸ್ಥರಿಗೆ ನಿಜವಾದ ಅಪಾಯವಿರುವುದು ಇಲ್ಲಿ. 2025ರ ಸೆಪ್ಟೆಂಬರಿನಲ್ಲಿ ಸುಂಕದ ಇಲಾಖೆಯವರು ಕೇರಳದಲ್ಲಿ 'ನುಂಖೋರ್' ಎಂಬ ಹೆಸರಿನ ಶೋಧವನ್ನು ನಡೆಸಿದರು. ಆ ಮಾತಿಗೆ ಭೂತಾನದ ಭಾಷೆಯಲ್ಲಿ ವಾಹನವೆಂದೇ ಅರ್ಥ. ಭೂತಾನದಲ್ಲಿ ಕೊಂಡ ಹಳೆಯ ಕಾರುಗಳನ್ನು ಸುಂಕ ಕಟ್ಟದೆ ಗಡಿ ದಾಟಿಸಿ, ಸುಳ್ಳು ಕಾಗದಗಳಿಂದ ಬೇರೆ ರಾಜ್ಯಗಳಲ್ಲಿ ನೋಂದಾಯಿಸಿ, ಕೇರಳದವರಿಗೆ ಮಾರಲಾಗಿದೆಯೆಂಬುದು ಆರೋಪ. ಹಲವು ಕಾರುಗಳನ್ನು ಹಿಡಿದರು. ಇಂತಹ ಪ್ರಸಂಗದಲ್ಲಿ ತಂದವನು ಯಾರೇ ಆಗಿರಲಿ, ಬಂಡಿಯು ಮೊದಲು ಹೋಗುವುದು ಕಡೆಯಲ್ಲಿ ಕೊಂಡವನ ಮನೆಯಿಂದ. ಸುಂಕವಂಚಿತವಾದ ಮಾಲನ್ನು ಮುಟ್ಟುಗೋಲು ಹಾಕಿಕೊಳ್ಳಲು 1962ರ ಸುಂಕದ ಕಾಯಿದೆಯಲ್ಲಿ ಅಧಿಕಾರವಿದೆ. ಮುದ್ರೆಯಿಲ್ಲದ ಮಾಲಿಗೆ ಸುಂಕದ ಎರಡರಷ್ಟು, ಖೋಟಾ ಮುದ್ರೆಯ ಮಾಲಿಗೆ ಎಂಟರಷ್ಟು ದಂಡವೆಂದು ಕೌಟಿಲ್ಯನೂ ವಿಧಿಸಿದ್ದಾನೆ. ಕಳ್ಳತನವೂ ಹಳೆಯದು, ದಂಡವೂ ಹಳೆಯದು.

ರಾಜ್ಯದ ತೆರಿಗೆಯನ್ನು ತಪ್ಪಿಸುವ ಉಪಾಯವೂ ಹೀಗೆಯೇ. ಕಡಮೆ ತೆರಿಗೆಯ ಕಡೆ ನೋಂದಾಯಿಸಿ ಬೆಂಗಳೂರಿನಲ್ಲಿ ಓಡಿಸುವ ಬೆಲೆಬಾಳುವ ಕಾರುಗಳನ್ನು ಸಾರಿಗೆ ಇಲಾಖೆಯವರು 2025ರಲ್ಲಿ ಹುಡುಕಿ ಹಿಡಿದರು. ಆ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಫೆರಾರಿಯೊಂದಕ್ಕೆ ದಂಡವೂ ಸೇರಿ ಸುಮಾರು 1 ಕೋಟಿ 41 ಲಕ್ಷ ರೂಪಾಯಿಯನ್ನು ಒಡೆಯರು ಕಟ್ಟಬೇಕಾಯಿತು. ಆದುದರಿಂದ ಯಾರಾದರೂ ಪರದೇಶದ ಕಾರನ್ನು ಇಲ್ಲಿಯೇ ಅಗ್ಗಕ್ಕೆ ಕೊಡುತ್ತೇವೆಂದರೆ, ಬಣ್ಣವನ್ನು ನೋಡುವ ಮೊದಲು ಬಂದರಿನ ಸುಂಕದ ರಸೀತಿಯನ್ನೂ ಆಮದಿನ ಕಾಗದವನ್ನೂ ನೋಡತಕ್ಕದ್ದು. ಅವಿಲ್ಲದಿದ್ದರೆ ಅಲ್ಲಿಂದೆದ್ದು ಬರುವುದೇ ಲಾಭ.

ಮೂರನೆಯದು, ಇಲ್ಲಿ ನಡೆಯುತ್ತದೆಯೇ ಎಂಬುದು. ಸ್ಪೋರ್ಟ್ಸ್ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಸಾಮಾನ್ಯವಾಗಿ ನಾಲ್ಕೈದು ಅಂಗುಲ. ರಸ್ತೆಯ ಉಬ್ಬುಗಳ ವಿಷಯದಲ್ಲಿ ಭಾರತೀಯ ರಸ್ತೆ ಮಂಡಲಿಯ ಅಳತೆಯು 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರ, ಎಂದರೆ ನಾಲ್ಕು ಅಂಗುಲ. ಶಾಸ್ತ್ರೋಕ್ತವಾದ ಉಬ್ಬಿನ ಮೇಲೆಯೇ ಕಾರು ಉಸಿರು ಬಿಗಿಹಿಡಿದು ದಾಟಬೇಕು. ಊರಿನವರು ರಾತ್ರೋರಾತ್ರಿ ಹಾಕಿಕೊಂಡ ಅಶಾಸ್ತ್ರೀಯವಾದ ಉಬ್ಬುಗಳ ಮಾತನ್ನು ಮಧುಗಿರಿಯಿಂದ ಪಾವಗಡದವರೆಗೆ ಬಸ್ಸಿನಲ್ಲಿ ಹೋಗಿ ಬಂದವರಿಗೆ ಹೇಳಬೇಕಾಗಿಲ್ಲ. ಅಂತಹ ಅನೇಕ ಕಾರುಗಳಲ್ಲಿ ಸ್ಟೆಪ್ನಿ ಚಕ್ರವಿಲ್ಲ. ಗಾಳಿ ಹೋದರೆ ಪಂಕ್ಚರ್ ಅಂಗಡಿಯಲ್ಲಿ ಆ ಅಳತೆಯ ಟೈರು ಸಿಗದು. 2025ರಿಂದ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತು ಬರುತ್ತಿರುವುದರಿಂದ ಆ ಎಂಜಿನ್ನಿಗೆ ಅದು ಒಗ್ಗುವುದೇ ಎಂಬುದನ್ನು ತಯಾರಕರ ಪುಸ್ತಕದಲ್ಲಿ ನೋಡಬೇಕು. ಇದೆಲ್ಲ ಸರಿಹೋದರೂ ಆಸನಗಳು ಎರಡೇ. ಮನೆದೇವರಿಗೆ ಹೊರಟರೆ ಮಗನೂ ಸೊಸೆಯೂ ಕಾರಿನಲ್ಲಿ, ತಾಯಿತಂದೆಗಳು ಹಿಂದೆ ಬಸ್ಸಿನಲ್ಲಿ!

ಹಾಗಾದರೆ ಅಂದವಾದ ಕಾರಿನ ಮೇಲೆ ಪ್ರೀತಿಯಿಡುವುದು ತಪ್ಪೇ? ತಪ್ಪಲ್ಲ. ಅದೂ ಒಂದು ಶಿಲ್ಪ. ಆ ಪ್ರೀತಿಗೆ ಬೇರೆ ದಾರಿಗಳಿವೆ. 50 ವರ್ಷಕ್ಕೆ ಮೀರಿದ ಪುರಾತನ ಕಾರುಗಳನ್ನು ತರಲು 2025ರಲ್ಲಿ ಸರ್ಕಾರವು ಅನುಕೂಲ ಮಾಡಿಕೊಟ್ಟಿದೆ. ಆದರೆ ಸುಂಕವಿದ್ದೇ ಇದೆ, ಮತ್ತು 2021ರ ನಿಯಮದಂತೆ ಅವನ್ನು ಪುರಾತನವೆಂದು ನೋಂದಾಯಿಸಿದರೆ ಪ್ರದರ್ಶನ, ಮೆರವಣಿಗೆ, ದುರಸ್ತುಗಳಿಗಲ್ಲದೆ ದಿನದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ನೋಡುವ ಆಸೆಯಷ್ಟೇ ಆದರೆ, ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿಯೂ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿಯೂ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಕೂಡಿದ ಹಳೆಯ ಕಾರುಗಳ ಸಾಲನ್ನು ಮಕ್ಕಳೊಡನೆ ಹೋಗಿ ಕಣ್ತುಂಬ ನೋಡಿಬರಬಹುದು.

ಪರದೇಶದಲ್ಲಿರುವ ತರುಣರಾದರೋ ಕೊಳ್ಳುವ ಶಕ್ತಿಯಿದ್ದರೆ ಕೊಳ್ಳಲಿ; ಆದರೆ ಕಾರು ಎಲ್ಲಿ ಅಗ್ಗವೋ ಅಲ್ಲಿಯೇ ಓಡಲಿ. ಒಳ್ಳೆಯ ರಸ್ತೆಯೂ ತಕ್ಕ ದುರಸ್ತುದಾರರೂ ಅಲ್ಲಿದ್ದಾರೆ. ಹಿಂದಿರುಗುವಾಗ ಅಲ್ಲಿಯೇ ಮಾರಿ, ಬಂದ ಹಣವನ್ನು ತರುವುದು ಕಾರನ್ನು ತರುವುದಕ್ಕಿಂತ ಎಷ್ಟೋ ಸುಲಭ. ಹಟ ಬಿಡಲಾರೆವೆನ್ನುವವರು ಕಾರಿಗೆ ಮುಂಗಡ ಕೊಡುವ ಮೊದಲೇ ಅದರ ತಯಾರಿಕೆಯ ದಿನ, ಹೊಸದರ ಬೆಲೆ, ಎಂಜಿನ್ನಿನ ಅಳತೆಗಳನ್ನು ಮುಂಬಯಿಯ ಸುಂಕದ ದಲ್ಲಾಳಿಯೊಬ್ಬರಿಗೆ ಕಳುಹಿಸಿ, ಆ ದಿನದ ದರದಂತೆ ಒಟ್ಟು ಮೊತ್ತವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಲಿ. ದರಗಳು ಆಯವ್ಯಯದಿಂದ ಆಯವ್ಯಯಕ್ಕೆ ಬದಲಾಗತಕ್ಕವು. ಆ ಕಾಗದವನ್ನು ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಲಿ. ಓದಿದಮೇಲೂ ಸ್ವಂತ ಸಂಪಾದನೆಯಿಂದಲೇ ಕಟ್ಟುವೆನೆಂದು ಮಗನು ಹೇಳಿದರೆ ಅದು ಅವನ ಇಚ್ಛೆ. ತೋಟದ ಪತ್ರವು ಮಾತ್ರ ಪೆಟ್ಟಿಗೆಯಲ್ಲಿಯೇ ಇರಲಿ.